ಮನಸ್ಸು ಓದುವ ಚಿಪ್ ಎಂಬ ಕಟ್ಟುಕತೆ

2024ರ ಜನವರಿ ಕೊನೆಯಲ್ಲಿ ಇಲಾನ್ ಮಸ್ಕ್ ಒಂದೆರಡು ಸಾಲು ಬರೆದು ಹಾಕಿದರು. ತಮ್ಮ ನ್ಯೂರಾಲಿಂಕ್ ಕಂಪನಿಯ ಸಾಧನವನ್ನು ಮೊದಲ ಸಲ ಮನುಷ್ಯನೊಬ್ಬನ ಮಿದುಳಿಗೆ ಅಳವಡಿಸಿದ್ದಾಗಿದೆ, ಅದಕ್ಕಿಟ್ಟ ಹೆಸರು ‘ಟೆಲಿಪತಿ’ ಎಂದು. ಹೆಸರಿನಲ್ಲೇ ಅರ್ಧ ವ್ಯಾಪಾರ ಕುದುರಿತ್ತು. ಅಂದಿನಿಂದ ಟಿ.ವಿ. ಚರ್ಚೆ, ಯೂಟ್ಯೂಬ್ ವಿಡಿಯೊ, ಕಾಲೇಜು ವೇದಿಕೆಗಳಲ್ಲಿ ಒಂದೇ ಮಾತು ತಿರುಗುತ್ತಿದೆ: ಮನಸ್ಸು ಓದುವ ಚಿಪ್ ಬಂದಾಯಿತು, ಇಂದು ಲಕ್ವ ಹೊಡೆದವರಿಗೆ, ನಾಳೆ ಎಲ್ಲರಿಗೆ. ಬಾಯಿ ಬಿಡದೆ ಮಾತಾಡಬಹುದು, ಓದದೆ ಕಲಿಯಬಹುದು, ಮನುಷ್ಯ ಮತ್ತು ಕೃತಕ ಬುದ್ಧಿಮತ್ತೆ ಒಂದಾಗುವ ದಿನ ದೂರವಿಲ್ಲ. ಇದನ್ನು ಕೇಳಿ ಕೆಲವರು ಚಪ್ಪಾಳೆ ತಟ್ಟುತ್ತಾರೆ, ಇನ್ನು ಕೆಲವರು ನಮ್ಮ ಗುಟ್ಟುಗಳೆಲ್ಲ ಬಯಲಾದವು ಎಂದು ನಡುಗುತ್ತಾರೆ.

ಚಪ್ಪಾಳೆಯವರದೂ ನಡುಕದವರದೂ ನಂಬಿಕೆ ಒಂದೇ, ಮತ್ತು ಅದು ತಪ್ಪು. ಇಂದು ಮನುಷ್ಯರ ತಲೆಯೊಳಗಿರುವ ಯಾವ ಸಾಧನವೂ ಆಲೋಚನೆಯನ್ನು ಓದುವುದಿಲ್ಲ. ಅವು ಹಿಡಿಯುವುದು ಅದಕ್ಕಿಂತ ತುಂಬ ಸಣ್ಣದಾದ, ಆದರೆ ತುಂಬ ಬೆಲೆಯುಳ್ಳ ಒಂದು ಸಂಗತಿಯನ್ನು. ದೊಡ್ಡ ಸುಳ್ಳಿನ ಗದ್ದಲದಲ್ಲಿ ಆ ಸಣ್ಣ ಸತ್ಯ ಕಾಣೆಯಾಗಿದೆ. ಜೊತೆಗೆ ಈ ಸಾಧನಗಳನ್ನು ನಿಜಕ್ಕೂ ಹೊತ್ತುಕೊಂಡು ಬದುಕುತ್ತಿರುವವರ ಪಾಡೂ.

ಮೊದಲು ಹುಟ್ಟಿನ ವಿಚಾರ. ಇದೆಲ್ಲ ಒಬ್ಬ ಕೋಟ್ಯಧೀಶನ ಗ್ಯಾರೇಜಿನಿಂದ ಹೊರಬಂದದ್ದೆಂಬಂತೆ ಮಾತಾಡುವವರು 1969ಕ್ಕೆ ಹೋಗಿ ಬರಬೇಕು. ಆ ವರ್ಷ ಎಬರ್‌ಹಾರ್ಡ್ ಫೆಟ್ಜ್ ಎಂಬ ವಿಜ್ಞಾನಿ ಕೋತಿಯ ಮಿದುಳಿನ ಒಂದೇ ಒಂದು ನರಕೋಶಕ್ಕೆ ತಂತಿ ತಾಗಿಸಿ, ಅದರ ಮಿಡಿತವನ್ನು ಒಂದು ಮೀಟರಿನ ಮುಳ್ಳಿಗೆ ಜೋಡಿಸಿದರು. ಮುಳ್ಳು ಮೇಲೇರಿದರೆ ತಿನಿಸು. ಕೋತಿ ಬೇಕೆಂದಾಗ ಆ ನರಕೋಶವನ್ನು ಮಿಡಿಸಲು ಕಲಿತುಬಿಟ್ಟಿತು. 1973ರಲ್ಲಿ ಲಾಸ್ ಏಂಜಲೀಸಿನಲ್ಲಿ ಜಾಕ್ ವಿಡಾಲ್ ಈ ಕ್ಷೇತ್ರಕ್ಕೆ ಹೆಸರಿಟ್ಟರು. 80ರ ದಶಕದಲ್ಲಿ ಅಪೊಸ್ಟೊಲೊಸ್ ಜಾರ್ಜೊಪೌಲೊಸ್, ಕೈ ಯಾವ ದಿಕ್ಕಿಗೆ ಚಲಿಸಲಿದೆ ಎಂಬುದು ನರಕೋಶಗಳ ಗುಂಪಿನ ಮಿಡಿತದಿಂದ ತಿಳಿಯುತ್ತದೆಂದು ತೋರಿಸಿದರು. ಯೂಟಾ ವಿಶ್ವವಿದ್ಯಾಲಯದ ರಿಚರ್ಡ್ ನಾರ್ಮನ್ ಚಿಕ್ಕ ಗುಂಡಿಯಷ್ಟು ಜಾಗದಲ್ಲಿ ನೂರು ಸೂಜಿಗಳನ್ನು ನೆಟ್ಟು ‘ಯೂಟಾ ಅರೇ’ ಮಾಡಿದರು.

2004ರಲ್ಲಿ ಆ ಸೂಜಿಹಲಗೆ ಮ್ಯಾಥ್ಯೂ ನೇಗಲ್ ಎಂಬ ಅಮೆರಿಕನ್ ಯುವಕನ ತಲೆ ಸೇರಿತು. ಚಾಕು ಇರಿತದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಆತ ಬ್ರೌನ್ ವಿಶ್ವವಿದ್ಯಾಲಯದ ಜಾನ್ ಡೊನೊಹ್ಯೂ ತಂಡದ ‘ಬ್ರೈನ್‌ಗೇಟ್’ ಪ್ರಯೋಗದಲ್ಲಿ ಕರ್ಸರ್ ಓಡಿಸಿದ, ಟಿ.ವಿ. ನಿಯಂತ್ರಿಸಿದ, ಸಂದರ್ಶನಕ್ಕೆ ಬಂದ ಪತ್ರಕರ್ತನನ್ನು ‘ಪಾಂಗ್’ ಆಟದಲ್ಲಿ ಸೋಲಿಸಿದ. ಅದಾಗಿ ಹದಿನೇಳು ವರ್ಷದ ಮೇಲೆ, 2021ರಲ್ಲಿ, ನ್ಯೂರಾಲಿಂಕ್ ಒಂದು ಕೋತಿ ಅದೇ ‘ಪಾಂಗ್’ ಆಡುವ ವಿಡಿಯೊ ಬಿಟ್ಟಿತು. ಜಗತ್ತು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಮನುಷ್ಯ ಆಡಿ ಗೆದ್ದದ್ದನ್ನು ಕೋತಿ ಮತ್ತೆ ಆಡಿದಾಗ ಅದು ಕ್ರಾಂತಿಯೆನಿಸಿದ್ದು ಪ್ರಚಾರದ ಪವಾಡವೇ ಹೊರತು ವಿಜ್ಞಾನದ್ದಲ್ಲ. ಈ ನಡುವಿನ ದಾರಿಯ ಬಹುಪಾಲು ಖರ್ಚನ್ನು ಹೊತ್ತದ್ದು ಅಮೆರಿಕದ ತೆರಿಗೆದಾರರು, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತು ರಕ್ಷಣಾ ಸಂಶೋಧನಾ ಇಲಾಖೆಯ ಮೂಲಕ.

ಹಾಗಾದರೆ ಈ ಸಾಧನ ಹಿಡಿಯುವುದೇನು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡ ನಡೆಸಿದ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂದಿನವರೆಗಿನ ಅತ್ಯಂತ ದೊಡ್ಡ ಗೆಲುವುಗಳಲ್ಲಿ ಅದೊಂದು. ಕೇಸಿ ಹ್ಯಾರಲ್ ಎಂಬಾತನಿಗೆ ಎಎಲ್‌ಎಸ್, ಸ್ಟೀಫನ್ ಹಾಕಿಂಗ್ ಅವರಿಗಿದ್ದ ಮೋಟಾರ್ ನ್ಯೂರಾನ್ ಕಾಯಿಲೆ. ಮಾತು ತೊದಲಿ ತೊದಲಿ ಹೊರಗಿನವರಿಗೆ ಅರ್ಥವೇ ಆಗದ ಹಂತ ಮುಟ್ಟಿತ್ತು. 2023ರ ಜುಲೈನಲ್ಲಿ ಡೇವಿಡ್ ಬ್ರ್ಯಾಂಡ್‌ಮನ್ ಎಂಬ ಶಸ್ತ್ರವೈದ್ಯರು ಆತನ ಮಿದುಳಿನ ಎಡಭಾಗದಲ್ಲಿ, ಮಾತಿನ ಸ್ನಾಯುಗಳನ್ನು ಆಳುವ ಪಟ್ಟಿಯಲ್ಲಿ, ನಾಲ್ಕು ಸೂಜಿಹಲಗೆಗಳನ್ನು ನೆಟ್ಟರು. ಒಟ್ಟು 256 ಎಲೆಕ್ಟ್ರೋಡ್. ಬಳಕೆಯ ಮೊದಲ ದಿನವೇ 50 ಪದಗಳ ಪಟ್ಟಿಯಲ್ಲಿ ಶೇ. 99.6ರಷ್ಟು ನಿಖರತೆ ಬಂತು. ಮುಂದೆ 1,25,000 ಪದಗಳ ಕೋಶದಲ್ಲಿ ಅದು ಶೇ. 97.5ಕ್ಕೆ ನಿಂತಿತು. ಎಂಟು ತಿಂಗಳಲ್ಲಿ ಆತ 248 ಗಂಟೆಗೂ ಹೆಚ್ಚು ಕಾಲ ಮನೆಯವರೊಡನೆ, ಗೆಳೆಯರೊಡನೆ ಇದರ ಮೂಲಕ ಹರಟಿದ. ಕಾಯಿಲೆಗೆ ಮುಂಚಿನ ಧ್ವನಿಮುದ್ರಣಗಳಿಂದ ಕಟ್ಟಿದ ದನಿಯಲ್ಲಿ, ಅಂದರೆ ಹೆಚ್ಚುಕಡಿಮೆ ತನ್ನದೇ ದನಿಯಲ್ಲಿ, ಯಂತ್ರ ಅವನ ಮಾತನ್ನು ಓದಿ ಹೇಳುತ್ತಿತ್ತು.

ಇಲ್ಲಿ ‘ಮನಸ್ಸು’ ಎಲ್ಲಿ ಬಂತು? ಹ್ಯಾರಲ್ ಮಾತಾಡಲು ಯತ್ನಿಸಬೇಕು. ತುಟಿ, ನಾಲಿಗೆ, ದವಡೆ, ಗಂಟಲಿಗೆ ಮಿದುಳು ಆಜ್ಞೆ ಕೊಡುತ್ತದೆ, ಕಾಯಿಲೆಯಿಂದಾಗಿ ಆಜ್ಞೆ ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. ದಾರಿಯಲ್ಲಿ ಕಳೆದುಹೋಗುವ ಆ ಆಜ್ಞೆಯನ್ನು ಎಲೆಕ್ಟ್ರೋಡುಗಳು ಹೆಕ್ಕಿಕೊಳ್ಳುತ್ತವೆ. ಕಂಪ್ಯೂಟರ್ ಅದನ್ನು ಇಂಗ್ಲಿಷಿನ 39 ಧ್ವನಿಗಳಲ್ಲಿ ಯಾವುದಿರಬಹುದೆಂದು ಊಹಿಸುತ್ತದೆ. ನಂತರ ಭಾಷಾ ಮಾದರಿಯೊಂದು ಈ ಧ್ವನಿಸಾಲಿಗೆ ಹೊಂದುವ ವಾಕ್ಯವನ್ನು ಆರಿಸುತ್ತದೆ. ಹೆಂಡತಿಯ ಬಗ್ಗೆ ಆತ ಏನೆಂದುಕೊಂಡ, ಯಾರಿಗೆ ಮತ ಹಾಕಿದ, ಬಾಲ್ಯದಲ್ಲಿ ಯಾವುದಕ್ಕೆ ಅಂಜಿದ್ದ, ಇವು ಯಾವುವೂ ಆ 256 ತುದಿಗಳಿಗೆ ಸಿಗುವುದಿಲ್ಲ. ಮನುಷ್ಯನ ಮಿದುಳಿನಲ್ಲಿರುವುದು ಸುಮಾರು 86 ಶತಕೋಟಿ ನರಕೋಶ. ಸ್ಟ್ಯಾನ್‌ಫರ್ಡ್‌ನಲ್ಲಿ 2021ರಲ್ಲಿ ಕೈಬರಹವನ್ನು ಕಲ್ಪಿಸಿಕೊಂಡು ನಿಮಿಷಕ್ಕೆ 90 ಅಕ್ಷರ ಬರೆದ ರೋಗಿಯ ಪ್ರಯೋಗವಾಗಲಿ, 2023ರಲ್ಲಿ ಅದೇ ಗುಂಪು ನಿಮಿಷಕ್ಕೆ 62 ಪದ ಮುಟ್ಟಿದ್ದಾಗಲಿ ನಿಂತಿರುವುದು ಇದೇ ತಳಹದಿಯ ಮೇಲೆ: ಚಲನೆಯ ಉದ್ದೇಶ. (ಈ ಎರಡನೆಯ ಫಲಿತಾಂಶ ಅಚ್ಚಾಗುವ ಹೊತ್ತಿಗೆ ಆ ಪ್ರಯೋಗಾಲಯವನ್ನು ಕಟ್ಟಿದವರಲ್ಲೊಬ್ಬರಾದ ಕೃಷ್ಣ ಶೆಣೈ ಕ್ಯಾನ್ಸರಿಗೆ ಬಲಿಯಾಗಿ ಏಳು ತಿಂಗಳಾಗಿತ್ತು. ಅವರ ಹೆಸರು ಕೇಳಿದವರೆಷ್ಟು, ಮಸ್ಕ್ ಹೆಸರು ಕೇಳದವರೆಷ್ಟು?)

ಇದಕ್ಕೆ ಎದುರುವಾದಿಯ ಬಳಿ ಒಂದು ಗಟ್ಟಿ ಉತ್ತರವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್ ತಂಡ ನಾಲ್ವರು ರೋಗಿಗಳಲ್ಲಿ ‘ಒಳಮಾತ’ನ್ನು ಗುರುತಿಸಿತು. ಬಾಯಿ ಆಡಿಸುವ ಯತ್ನವೂ ಇಲ್ಲದೆ, ಬರಿದೆ ಮನಸ್ಸಿನಲ್ಲಿ ಉಚ್ಚರಿಸಿದ ವಾಕ್ಯಗಳು ಗರಿಷ್ಠ ಶೇ. 74ರಷ್ಟು ನಿಖರತೆಯಲ್ಲಿ ತೆರೆಗೆ ಬಂದವು. ಮನಸ್ಸಿನಲ್ಲೇ ಎಣಿಸುತ್ತಿದ್ದ ಅಂಕಿಗಳ ಸುಳಿವೂ ಸಿಕ್ಕಿತು. ಹಾಗಾದರೆ ಕೊನೆಗೂ ಬೀಗ ಒಡೆಯಿತೇ? ವಿವರ ನೋಡಿದರೆ ಹಾಗನ್ನಿಸದು. ಆ ವಾಕ್ಯಗಳನ್ನು ತೆರೆಯ ಮೇಲೆ ಮೊದಲೇ ಕೊಡಲಾಗಿತ್ತು, ರೋಗಿಗಳು ಯಂತ್ರಕ್ಕೆ ಮನಸಾರೆ ತರಬೇತಿ ಕೊಟ್ಟಿದ್ದರು. ಮುಕ್ತವಾಗಿ ಯೋಚಿಸಲು ಬಿಟ್ಟಾಗ ಬಂದದ್ದು ಬಹುಪಾಲು ಅರ್ಥವಿಲ್ಲದ ಕಲಸುಮೇಲೋಗರ. ಗಮನಿಸಬೇಕಾದ ಇನ್ನೊಂದು ಅಂಶ, ಸೋರಿಕೆಯ ಸಾಧ್ಯತೆ ಕಂಡ ಕೂಡಲೇ ಅದೇ ತಂಡ ಅದಕ್ಕೊಂದು ಚಿಲಕವನ್ನೂ ಮಾಡಿತು. ರೋಗಿ ಮನಸ್ಸಿನಲ್ಲಿ ಒಂದು ಗುಟ್ಟಿನ ಪದಗುಚ್ಛ ಹೇಳಿದರೆ ಮಾತ್ರ ಯಂತ್ರ ಕಿವಿ ತೆರೆಯುತ್ತದೆ, ಶೇ. 98ಕ್ಕೂ ಹೆಚ್ಚು ಸಲ ಅದು ಸರಿಯಾಗಿ ಕೆಲಸ ಮಾಡಿತು. ಅಪಾಯವನ್ನು ಕಂಡವರೂ ಅದಕ್ಕೆ ಮದ್ದು ಹುಡುಕಿದವರೂ ಪ್ರಯೋಗಾಲಯದವರೇ.

ಎರಡನೆಯ ಮಿಥ್ಯೆ ವೇಗದ್ದು. ಮಸ್ಕ್ ಹಲವು ವರ್ಷಗಳಿಂದ ಹೇಳುತ್ತಿರುವ ವಾದ ಇದು: ಮಿದುಳು ಮಹಾವೇಗದ ಯಂತ್ರ, ಬೆರಳು ಮತ್ತು ನಾಲಿಗೆ ಮಾತ್ರ ನಿಧಾನ, ತಂತಿ ಹಾಕಿದರೆ ಮಾಹಿತಿ ಹೊಳೆಯಾಗಿ ಹರಿಯುತ್ತದೆ. 2020ರ ಮೇ ತಿಂಗಳಲ್ಲಿ ಜೋ ರೋಗನ್ ಪಾಡ್‌ಕಾಸ್ಟಿನಲ್ಲಿ ಅವರು ಐದರಿಂದ ಹತ್ತು ವರ್ಷಗಳಲ್ಲಿ ಮಾತೇ ಬೇಡವಾಗಬಹುದು ಎಂದಿದ್ದರು. ಐದು ಕಳೆದಿವೆ, ಜನ ಇನ್ನೂ ಮಾತಾಡುತ್ತಲೇ ಇದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಆ ಉದ್ಯಮದ ಹಳೆಯ ಚಾಳಿ. ಮೊದಲ ಮನುಷ್ಯ ಪ್ರಯೋಗ 2020ರ ಕೊನೆಗೆ ಎಂದು 2019ರಲ್ಲಿ ಹೇಳಿದ್ದರು, ಆದದ್ದು 2024ರಲ್ಲಿ.

ಆದರೆ ತಡವಾದದ್ದು ದೊಡ್ಡ ದೋಷವಲ್ಲ, ವಾದದ ಬುಡವೇ ಸಡಿಲ. ಕ್ಯಾಲ್‌ಟೆಕ್‌ನ ಜಿಯೆಯು ಝೆಂಗ್ ಮತ್ತು ಮಾರ್ಕಸ್ ಮೈಸ್ಟರ್ 2024ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಟೈಪಿಂಗ್, ಮಾತು, ವಿಡಿಯೊ ಗೇಮ್, ರೂಬಿಕ್ಸ್ ಕ್ಯೂಬ್ ಬಿಡಿಸುವುದು ಎಲ್ಲವನ್ನೂ ಲೆಕ್ಕ ಹಾಕಿದರು. ಕಣ್ಣು, ಕಿವಿ, ಚರ್ಮದಿಂದ ಸೆಕೆಂಡಿಗೆ ಸುಮಾರು ನೂರು ಕೋಟಿ ಬಿಟ್‌ಗಳಷ್ಟು ಮಾಹಿತಿ ಒಳಬರುತ್ತದೆ, ಆದರೆ ಮನುಷ್ಯ ಅರಿತು ಯೋಚಿಸಿ ನಿರ್ಧರಿಸುವ ವೇಗ ಸೆಕೆಂಡಿಗೆ ಸುಮಾರು 10 ಬಿಟ್ ಎಂದು ಅವರಿಗೆ ಕಂಡಿತು. ಅಂದರೆ ಇಕ್ಕಟ್ಟು ಬೆರಳಿನಲ್ಲಿಲ್ಲ, ಯೋಚನೆಯಲ್ಲೇ ಇದೆ. ಅಷ್ಟಕ್ಕೆ ಮಸ್ಕ್ ತಲೆ ಕೊರೆಸಿಕೊಳ್ಳುವ ಬದಲು ದೂರವಾಣಿ ಬಳಸಿದರೂ ಸಾಕು ಎಂದು ಅವರು ಪ್ರಬಂಧದಲ್ಲೇ ಚುಚ್ಚಿದ್ದಾರೆ. ನ್ಯೂರಾಲಿಂಕಿನ ಮೊದಲ ರೋಗಿ ನೋಲಂಡ್ ಆರ್ಬಾ ಕರ್ಸರ್ ಆಟದಲ್ಲಿ ಮುಟ್ಟಿದ ವೇಗ ಸೆಕೆಂಡಿಗೆ 8 ಬಿಟ್ ಎಂದು ಕಂಪನಿಯೇ ಹೇಳಿಕೊಂಡಿದೆ. ಕೈಕಾಲು ಆಡದ ಆತನಿಗೆ ಅದು ಬಿಡುಗಡೆ, ಚದುರಂಗ ಆಡಲು, ರಾತ್ರಿಯಿಡೀ ವಿಡಿಯೊ ಗೇಮ್ ಆಡಲು ಸಿಕ್ಕ ಸ್ವಾತಂತ್ರ್ಯ. ಕೈಯಲ್ಲಿ ಮೌಸ್ ಹಿಡಿಯಬಲ್ಲವನಿಗೆ ಮಾತ್ರ ಇದರಲ್ಲಿ ಲಾಭವೇನೂ ಇಲ್ಲ. ಆರೋಗ್ಯವಂತರೆಲ್ಲ ಸಾಲುಗಟ್ಟಿ ತಲೆಬುರುಡೆ ಕೊರೆಸಿಕೊಳ್ಳುತ್ತಾರೆಂಬ ಭವಿಷ್ಯವಾಣಿ ಇಲ್ಲೇ ಬಿದ್ದುಹೋಗುತ್ತದೆ.

ಎಲೆಕ್ಟ್ರೋಡ್ ಎಣಿಸುವ ಚಟಕ್ಕೂ ಇದೇ ಮಾತು. ಕಂಪನಿಗಳ ಜಾಹೀರಾತಿನಲ್ಲಿ 1,024 ಎಂಬ ಅಂಕಿ ಮಂತ್ರದಂತೆ ಮೊಳಗುತ್ತದೆ. ಆರ್ಬಾ ಮಿದುಳಿಗೆ 64 ಎಳೆಗಳಲ್ಲಿ ಅಷ್ಟೇ ಎಲೆಕ್ಟ್ರೋಡುಗಳನ್ನು ಹೆಣೆದಿದ್ದರು. ಕೆಲವೇ ವಾರಗಳಲ್ಲಿ ಹೆಚ್ಚಿನ ಎಳೆಗಳು ಮಿದುಳಿನಿಂದ ಹಿಂದೆ ಸರಿದವು, ಕೆಲಸಕ್ಕೆ ಉಳಿದದ್ದು ಸುಮಾರು ಶೇ. 15ರಷ್ಟು ಪಾಲು ಎಂದು ವರದಿಯಾಯಿತು. ಸಾಫ್ಟ್‌ವೇರ್ ತಿದ್ದಿ ನಷ್ಟವನ್ನು ತುಂಬಿಕೊಂಡರು, ಅದು ಎಂಜಿನಿಯರುಗಳ ಜಾಣತನ, ಮೆಚ್ಚಲೇಬೇಕು. ಆದರೆ ಮಿದುಳು ಉಸಿರಿಗೂ ನಾಡಿಗೂ ತಕ್ಕಂತೆ ಅಲುಗುವ ಜೀವಂತ ಅಂಗ. ಒಳನುಗ್ಗಿದ ಸೂಜಿಯ ಸುತ್ತ ಅದು ಗಾಯದ ಪೊರೆ ಕಟ್ಟುತ್ತದೆ, ಸಂಕೇತ ಕ್ರಮೇಣ ಮಂಕಾಗುತ್ತದೆ. ಓಹಿಯೋದ ಇಯಾನ್ ಬರ್ಕ್‌ಹಾರ್ಟ್ 2014ರಲ್ಲಿ ಹಾಕಿಸಿಕೊಂಡ ಸಾಧನದಿಂದ ತನ್ನದೇ ಕೈಯಾಡಿಸಿ ಗಿಟಾರಿನ ವಿಡಿಯೊ ಗೇಮ್ ಆಡಿದವನು. 2021ರಲ್ಲಿ ಸೋಂಕು ತಗುಲಿ ಅದನ್ನು ತೆಗೆಸಬೇಕಾಯಿತು. ಪಿಟ್ಸ್‌ಬರ್ಗಿನ ನೇಥನ್ ಕೋಪ್‌ಲ್ಯಾಂಡ್ 2015ರಲ್ಲಿ ಹಾಕಿಸಿಕೊಂಡದ್ದು ಏಳು ವರ್ಷ ದಾಟಿಯೂ ಕೆಲಸ ಮಾಡುತ್ತಿತ್ತು. ರೋಬೋ ಕೈಯ ಬೆರಳನ್ನು ಮುಟ್ಟಿದರೆ ಅವನಿಗೆ ತನ್ನ ಬೆರಳು ಮುಟ್ಟಿದಂತಾಗುತ್ತಿತ್ತು, 2016ರಲ್ಲಿ ಆ ಕೈಯಿಂದ ಒಬಾಮ ಅವರ ಮುಷ್ಟಿಗೆ ಮುಷ್ಟಿ ತಾಗಿಸಿದ. ಹೋಲಿಸಬೇಕಾದದ್ದು ಇಂಥ ವರ್ಷಗಳನ್ನು, ಸೂಜಿಗಳ ಲೆಕ್ಕವನ್ನಲ್ಲ. 1,024ರ ಅಬ್ಬರದ ನಡುವೆ, ಕೇವಲ 16 ಎಲೆಕ್ಟ್ರೋಡಿನ ಜಾಲರಿಯನ್ನು ಕತ್ತಿನ ರಕ್ತನಾಳದ ಮೂಲಕ ಮಿದುಳಿನ ಹತ್ತಿರ ಕೂರಿಸುವ ಸಿಂಕ್ರಾನ್ ಕಂಪನಿ ಬುರುಡೆಯನ್ನೇ ಕೊರೆಯದೆ ಮುಂದುವರಿದಿದೆ. ವೇಗ ಕಡಿಮೆ, ಆಪತ್ತೂ ಕಡಿಮೆ. ಹತ್ತು ವರ್ಷದ ಮೇಲೆ ಯಾವುದು ಉಳಿದಿರುತ್ತದೋ, ಪಂಥ ಕಟ್ಟುವವರು ಈ ಸಣ್ಣ ಜಾಲರಿಯನ್ನು ಮರೆಯದಿರಲಿ.

ಖಾಸಗಿ ಹಣದಿಂದ ಒಳ್ಳೆಯದೇನೂ ಆಗಿಲ್ಲವೆಂದರೆ ಅದೂ ಅನ್ಯಾಯ. ಹಳೆಯ ಸಾಧನಗಳಲ್ಲಿ ತಲೆಯಿಂದ ಲೋಹದ ಗೂಟವೊಂದು ಹೊರಚಾಚಿ ಅದಕ್ಕೆ ಕೇಬಲ್ ಸಿಕ್ಕಿಸಬೇಕಿತ್ತು, ಪಕ್ಕದಲ್ಲಿ ತಂತ್ರಜ್ಞ ಕೂರಬೇಕಿತ್ತು. ಎಲ್ಲವನ್ನೂ ಚರ್ಮದಡಿ ಮುಚ್ಚಿ ತಂತಿಯಿಲ್ಲದೆ ನಡೆಸುವುದನ್ನು ಹೊಸ ಕಂಪನಿಗಳು ಸಾಧಿಸಿವೆ.

ಆದರೆ ಅದೇ ಹಣಕ್ಕೆ ಇನ್ನೊಂದು ಮುಖವಿದೆ, ಅದನ್ನು ಹೇಳುವವರು ಕಡಿಮೆ. ಸೆಕೆಂಡ್ ಸೈಟ್ ಎಂಬ ಕ್ಯಾಲಿಫೋರ್ನಿಯಾ ಕಂಪನಿ ಕುರುಡರ ಅಕ್ಷಿಪಟಲಕ್ಕೆ 60 ಎಲೆಕ್ಟ್ರೋಡಿನ ‘ಆರ್ಗಸ್ 2’ ಕೂರಿಸುತ್ತಿತ್ತು. 2011ರಲ್ಲಿ ಯುರೋಪು, 2013ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. 350ಕ್ಕೂ ಹೆಚ್ಚು ಮಂದಿ ಹಾಕಿಸಿಕೊಂಡರು, ಬಾಗಿಲ ಚೌಕಟ್ಟು, ರಸ್ತೆಯ ಪಟ್ಟೆಗಳು ಮಸುಕಾಗಿ ಕಂಡವು. 2019ರ ಹೊತ್ತಿಗೆ ಕಂಪನಿ ಅದನ್ನು ಕೈಬಿಟ್ಟಿತು, 2020ರಲ್ಲಿ ದಿವಾಳಿಯ ಅಂಚಿಗೆ ಬಂತು. ಕಣ್ಣೊಳಗಿನ ಯಂತ್ರಕ್ಕೆ ರಿಪೇರಿ ಇಲ್ಲ, ಬಿಡಿಭಾಗವಿಲ್ಲ, ಫೋನೆತ್ತುವವರಿಲ್ಲ. ಆಸ್ಟ್ರೇಲಿಯಾದಲ್ಲಿ ನ್ಯೂರೋವಿಸ್ಟಾ ಎಂಬ ಕಂಪನಿ 15 ಮಂದಿ ಮೂರ್ಛೆರೋಗಿಗಳ ಮಿದುಳಿಗೆ ಸಾಧನ ಹಾಕಿ, ಸೆಳವು ಬರುವ ಮುಂಚೆ ಎಚ್ಚರಿಸುವ ವ್ಯವಸ್ಥೆ ಮಾಡಿತ್ತು. ಹಣ ಮುಗಿದು ಕಂಪನಿ ಮುಳುಗಿತು. ಸಾಧನದಿಂದ ಜೀವನವೇ ಬದಲಾಗಿದ್ದ ಒಬ್ಬ ಮಹಿಳೆ, ಮನೆ ಅಡವಿಟ್ಟಾದರೂ ಕೊಂಡುಕೊಳ್ಳುತ್ತೇನೆಂದರೂ ಬಿಡದೆ ಅದನ್ನು ತೆಗೆದರು. ಟಾಸ್ಮೇನಿಯಾ ವಿಶ್ವವಿದ್ಯಾಲಯದ ನೀತಿಶಾಸ್ತ್ರಜ್ಞ ಫ್ರೆಡರಿಕ್ ಗಿಲ್ಬರ್ಟ್ ಅವಳ ನೋವನ್ನು ದಾಖಲಿಸದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ನೇಗಲ್‌ಗೆ ಸೂಜಿಹಲಗೆ ಕೊಟ್ಟ ಸೈಬರ್‌ಕೈನೆಟಿಕ್ಸ್ ಕಂಪನಿಯೂ ಆ ದಶಕ ದಾಟಲಿಲ್ಲ.

ಯಂತ್ರ ನಮ್ಮ ಗುಟ್ಟು ಕದಿಯುತ್ತದೆಂದು ಹೆದರುವವರು ಹೆದರಬೇಕಾದ ಜಾಗ ಇದು. ಮನಸ್ಸಿನ ಖಾಸಗಿತನಕ್ಕೆ ಕಾನೂನು ಬೇಡವೆಂದಲ್ಲ. ಚಿಲಿ ದೇಶ 2021ರಲ್ಲಿ ಸಂವಿಧಾನವನ್ನೇ ತಿದ್ದಿತು, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾಜಿ ಸೆನೆಟರ್ ಗಿಡೊ ಗಿರಾರ್ಡಿ ಅವರ ಮಿದುಳಿನ ದತ್ತಾಂಶ ಅಳಿಸಲು ಇಮೋಟಿವ್ ಕಂಪನಿಗೆ ಆದೇಶಿಸಿತು. ಆದರೆ ಆ ದತ್ತಾಂಶ ಬಂದದ್ದು ಒಳಗೆ ನೆಟ್ಟ ಚಿಪ್ಪಿನಿಂದಲ್ಲ, ಯಾರು ಬೇಕಾದರೂ ಕೊಂಡು ತಲೆಗೆ ಧರಿಸಬಹುದಾದ ಹೆಡ್‌ಸೆಟ್ಟಿನಿಂದ. ಒಳಸಾಧನದವರಿಗೆ ಇಂದು ಇರುವ ಆತಂಕ ಬೇರೆ: ಬ್ಯಾಟರಿ ಸತ್ತರೆ ಯಾರು ಬದಲಿಸುತ್ತಾರೆ, ಪ್ರಯೋಗದ ಅನುದಾನ ಮುಗಿದರೆ ಸೋಂಕಿನ ಶಸ್ತ್ರಚಿಕಿತ್ಸೆಯ ಬಿಲ್ ಯಾರದು.

ರೋಗಿಗಳಿಗೆ ಬೇಕಾದದ್ದೇನೆಂದು ಕೇಳಿದವರೂ ಇದ್ದಾರೆ. ಬೆನ್ನುಹುರಿ ಪೆಟ್ಟಾದ 681 ಮಂದಿಯನ್ನು ಕಿಮ್ ಆ್ಯಂಡರ್ಸನ್ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕೈಕಾಲು ನಾಲ್ಕೂ ಹೋದವರು ಮೊದಲು ಕೇಳಿದ್ದು ಕೈಯನ್ನು. ಸೊಂಟದ ಕೆಳಗೆ ಸ್ವಾಧೀನ ಹೋದವರು ಮೊದಲು ಕೇಳಿದ್ದು ಲೈಂಗಿಕ ಸಾಮರ್ಥ್ಯವನ್ನು. ಮೂತ್ರ ಮತ್ತು ಮಲದ ಹಿಡಿತ ಇಬ್ಬರ ಪಟ್ಟಿಯಲ್ಲೂ ಮೇಲಿತ್ತು. ವೇದಿಕೆಯ ಮೇಲೆ ಯಾವ ಕಂಪನಿಯ ಒಡೆಯನೂ ಮೂತ್ರದ ಹಿಡಿತದ ಮಾತೆತ್ತಿ ಹೂಡಿಕೆ ಕೇಳುವುದಿಲ್ಲ.

ಕರ್ನಾಟಕಕ್ಕೆ ಈ ನಿರ್ವಹಣೆಯ ಪಾಠ ಹೊಸದೇನಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಯಶಸ್ವಿಯಾದ ನರಸಾಧನ ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್. ಸರ್ಕಾರದ ಯೋಜನೆಯಡಿ ಅದನ್ನು ಪಡೆದ ಮಕ್ಕಳು ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಶಸ್ತ್ರಚಿಕಿತ್ಸೆ ಉಚಿತವಾದರೂ, ವಾರಂಟಿ ಮುಗಿದ ಮೇಲೆ ಕಿವಿಯ ಹಿಂದಿನ ಪ್ರೊಸೆಸರ್ ಕೆಟ್ಟರೆ ಕೂಲಿ ಮಾಡುವ ಅಪ್ಪ ಲಕ್ಷಗಳ ಮಾತು ಕೇಳಬೇಕಾಗುತ್ತದೆ. ಮಗುವಿನ ಲೋಕ ಮತ್ತೆ ಮೌನವಾಗುತ್ತದೆ. ಇಷ್ಟು ಹಳೆಯ, ಇಷ್ಟು ಪಕ್ವವಾದ ಸಾಧನದ ಕತೆಯೇ ಹೀಗಿರುವಾಗ ಮಿದುಳಿನ ಸೂಜಿಹಲಗೆ ಜನಸಾಮಾನ್ಯರಿಗೆ ನಾಳೆಯೇ ಬಂತೆನ್ನುವವರನ್ನು ನಂಬುವುದು ಹೇಗೆ?

ಇನ್ನೊಂದು ತೊಡಕನ್ನು ಅಮೆರಿಕದ ಯಾವ ಕಂಪನಿಯೂ ನಮ್ಮ ಪರವಾಗಿ ಬಿಡಿಸುವುದಿಲ್ಲ. ಹ್ಯಾರಲ್ ಯಂತ್ರದ ಶೇ. 97.5 ನಿಖರತೆ ಇಂಗ್ಲಿಷಿನದು. ಸ್ಯಾನ್ ಫ್ರಾನ್ಸಿಸ್ಕೊದ ಎಡ್ವರ್ಡ್ ಚಾಂಗ್ ತಂಡ ಒಬ್ಬ ದ್ವಿಭಾಷಿ ರೋಗಿಗೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಮಾಡಿಕೊಟ್ಟಿದೆ, ಚೀನೀಯರು ತಮ್ಮ ಭಾಷೆಗೆ ಹೊರಟಿದ್ದಾರೆ. ಕನ್ನಡಕ್ಕೆ 1,25,000 ಪದಗಳ ಪಟ್ಟಿ ಏತಕ್ಕೂ ಸಾಲದು. ಒಂದು ಕ್ರಿಯಾಪದಕ್ಕೇ ಕಾಲ, ಲಿಂಗ, ವಚನ, ನಿಷೇಧ, ಪ್ರಶ್ನೆ, ‘ಅಂತೆ’ ಎಲ್ಲ ಅಂಟಿ ನೂರಾರು ರೂಪಗಳಾಗುತ್ತವೆ. ಮೇಲಾಗಿ ಲಕ್ವ ಹೊಡೆದವರು ಆಡಲು ಬಯಸುವುದು ಪುಸ್ತಕದ ಕನ್ನಡವನ್ನಲ್ಲ; ಧಾರವಾಡದವರು ಧಾರವಾಡದ್ದನ್ನು, ಕುಂದಾಪುರದವರು ಕುಂದಾಪುರದ್ದನ್ನು. ಇದಕ್ಕೆ ಬೇಕಾದ ಆಡುಮಾತಿನ ಭಾಷಾ ಮಾದರಿಯನ್ನು ಇಲ್ಲಿಯವರೇ ಕಟ್ಟಬೇಕು, ಅದಕ್ಕೆ ಬುರುಡೆ ಕೊರೆಯುವ ಅಗತ್ಯವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಬಳಗ ತಲೆಯ ಹೊರಗಿನ ಇಇಜಿಯಿಂದ ಕಲ್ಪಿತ ಮಾತನ್ನು ಗುರುತಿಸುವ ಸಂಶೋಧನೆ ನಡೆಸಿದೆ. ಎಎಲ್‌ಎಸ್ ರೋಗಿಗಳು ನಿಮ್ಹಾನ್ಸ್‌ಗೆ ಬರುತ್ತಾರೆ. ಮಾತಿನ ಚಿಕಿತ್ಸೆಯ ರಾಷ್ಟ್ರೀಯ ಸಂಸ್ಥೆ ಮೈಸೂರಿನಲ್ಲಿದೆ. ರೋಗ ಪತ್ತೆಯಾದ ದಿನವೇ, ನಾಲಿಗೆ ಇನ್ನೂ ಹೊರಳುತ್ತಿರುವಾಗಲೇ, ಅವರವರ ಊರಿನ ಕನ್ನಡದಲ್ಲಿ ಕೆಲವು ಗಂಟೆಗಳ ಮಾತನ್ನು ಮುದ್ರಿಸಿಡುವ ಏರ್ಪಾಡು ಈ ಮೂರು ಸಂಸ್ಥೆಗಳ ಕೈಯಳತೆಯಲ್ಲೇ ಇದೆ. ಹ್ಯಾರಲ್‌ಗೆ ಅವನ ದನಿ ಮರಳಿ ಸಿಕ್ಕಿದ್ದು ಅಂಥ ಹಳೆಯ ಮುದ್ರಣಗಳಿದ್ದುದರಿಂದ, ಮತ್ತು ಅದಕ್ಕೆ ತಗಲುವ ಖರ್ಚು ಒಂದು ಮೈಕಿನದು.